ತಿಪ್ಪೇಶನ ಮನೆ ನಿಂತಿದ್ದ ಗಾಳಿ

ತಿಪ್ಪೇಶನ ಮನೆ ಆರು ಬೆರಳು ಇಳಿದಿದೆ ಎಂದು ಭಾಮೈದ ಮರುಳಸಿದ್ದ ಓಡಿಬಂದು ಹೇಳಿದಾಗ ನಾನು ನೋಂದಣಿ ಕಚೇರಿಯ ಜಗಲಿಯ ಮೇಲೆ ಕೂತು ಯಾರದೋ ಕ್ರಯಪತ್ರಕ್ಕೆ ಚಕ್ಕುಬಂದಿ ಬರೆಯುತ್ತಿದ್ದೆ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಪಕ್ಕದವರ ಗೋಡೆ, ಉತ್ತರಕ್ಕೆ ಚರಂಡಿ, ದಕ್ಷಿಣಕ್ಕೆ ಬಾವಿ, ಕೆಳಕ್ಕೆ ತಾರಸಿಯಿಂದ ಎಂಟು ಮೊಳ, ಮೇಲಕ್ಕೆ ಆಕಾಶ. ಬೇರೆ ಊರುಗಳಲ್ಲಿ ಚಕ್ಕುಬಂದಿ ಎಂದರೆ ನಾಲ್ಕೇ ದಿಕ್ಕಂತೆ. ನಮ್ಮಲ್ಲಿ ಆರು. ಆ ಕೊನೆಯ ಎರಡನ್ನು ಬರೆಯುವುದರಲ್ಲಿ ಪತ್ರ ಬರಹಗಾರ ಹಾಲಸ್ವಾಮಿಯನ್ನು, ಅಂದರೆ ನನ್ನನ್ನು, ಮೀರಿಸಿದವರಿಲ್ಲ ಎಂದು ಊರಿನಲ್ಲಿ ಹೆಸರಿತ್ತು. ಆ ಹೆಸರನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದ್ದವನು ನಾನೇ.

ನಮ್ಮೂರಲ್ಲಿ ಮನೆಯ ಮೇಲಿನ ಗಾಳಿಯನ್ನು ಮನೆಯಿಂದ ಬೇರೆ ಮಾಡಿ ಮಾರಬಹುದು. ಕೊಂಡವರು ಅದರಲ್ಲಿ ಮನೆ ಕಟ್ಟಿಕೊಳ್ಳಬಹುದು. ಕಂಬ ಬೇಡ, ತೊಲೆ ಬೇಡ. ಗಾಳಿಯ ವಾರಸುದಾರರೆಲ್ಲ ಮನಸಾರೆ ಒಪ್ಪಿದ್ದರೆ ಮನೆ ನಿಲ್ಲುತ್ತದೆ, ಒಬ್ಬರು ಒಪ್ಪದಿದ್ದರೂ ಇಳಿಯುತ್ತದೆ. ಅದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ನಿಮ್ಮೂರಲ್ಲಿ ನೀರು ಕೆಳಕ್ಕೇ ಯಾಕೆ ಹರಿಯುತ್ತದೆ ಎಂದು ನಾನು ಎಂದಾದರೂ ಕೇಳಿದ್ದೇನೆಯೇ?

ಕೇಳಬೇಕಾದದ್ದು ಬೇರೆ ಇದೆ. ಗಾಳಿ ಯಾರದು? ಮನೆ ಯಾರದೋ ಗಾಳಿಯೂ ಅವರದೇ ಎಂದು ತಿಳಿದು ಕೈ ಸುಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅಜ್ಜ ಕಟ್ಟಿಸಿದ ಮನೆಯಾದರೆ ಗಾಳಿ ಮೊಮ್ಮಕ್ಕಳವರೆಗೂ ಹಂಚಿಹೋಗಿರುತ್ತದೆ. ವಯಸ್ಸಿಗೆ ಬಾರದ ಮಗುವಿನ ಪಾಲಿದ್ದರೆ ಹದಿನೆಂಟು ತುಂಬುವ ತನಕ ಕಾಯಬೇಕು. ಪಕ್ಕದವರ ಹಪ್ಪಳಕ್ಕೆ ನೆರಳು ಬೀಳುತ್ತದೆಯೇ ನೋಡಬೇಕು. ಮಳೆನೀರು ಯಾರ ಅಂಗಳಕ್ಕೆ ಸುರಿಯುತ್ತದೆ, ಗಡಿಯಲ್ಲಿರುವ ತೆಂಗಿನಮರ ಇನ್ನು ಹತ್ತು ವರ್ಷಕ್ಕೆ ಯಾರ ಅಡುಗೆಮನೆಯೊಳಗೆ ತಲೆ ಹಾಕುತ್ತದೆ, ಆಗ ಕಾಯಿ ಯಾರಿಗೆ ಎಂಬುದನ್ನೂ ಬರೆದಿಡಬೇಕು. ಇಷ್ಟೆಲ್ಲ ಆದ ಮೇಲೆ ಕೇಳಿಕೆ. ಪ್ರತಿಯೊಬ್ಬ ವಾರಸುದಾರರನ್ನೂ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಮನೆಯವರು ಯಾರೂ ಹತ್ತಿರವಿಲ್ಲದಾಗ, ಒಂದೇ ಮಾತನ್ನು ಮೂರು ಸಲ ಕೇಳಬೇಕು: ನಿಮ್ಮ ಪಾಲಿನ ಗಾಳಿಯನ್ನು ಕೊಡುತ್ತೀರಾ? ಕೂಲಿಯವನಾದರೂ ಸರಿ, ನಿನ್ನೆ ಮೊನ್ನೆ ಹದಿನೆಂಟು ತುಂಬಿದ ಹುಡುಗಿಯಾದರೂ ಸರಿ, ನೀವು ಎಂದೇ ಕೇಳಬೇಕು. ಮೊದಲ ಸಲದ ಹೂಂ ಮರ್ಯಾದೆಗೆ, ಎರಡನೆಯದು ಹೆದರಿಕೆಗೆ, ಮೂರನೆಯದನ್ನು ಮಾತ್ರ ನಂಬು ಎಂದು ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಮೂರನ್ನೂ ಕೇಳಿಕೆ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಪತ್ರಕ್ಕೆ ಕೈ ಹಾಕಬೇಕು.

ತಿಪ್ಪೇಶನ ಮನೆ ನಿಂತಿದ್ದದ್ದು ನನ್ನ ಮಾವನವರ ಮನೆಯ ಮೇಲೆ. ಮಾವ ತೀರಿಕೊಂಡ ಮೇಲೆ ಕೆಳಗಿನ ಮನೆಯಲ್ಲಿ ಮರುಳಸಿದ್ದನ ಸಂಸಾರ ಇದೆ. ಎರಡು ವರ್ಷದ ಹಿಂದೆ ಮೇಲಿನ ಗಾಳಿಯನ್ನು ನಲ್ಲಿ ಕೆಲಸದ ತಿಪ್ಪೇಶನಿಗೂ ಅವನ ಹೆಂಡತಿ ಓಬಳಮ್ಮನಿಗೂ ಮಾರಿದಾಗ ಪತ್ರ ಬರೆದವನು ನಾನು. ಹಾಗಾಗಿ ಮನೆ ಇಳಿದರೆ ಮೊದಲು ಕೇಳಬೇಕಾದದ್ದೂ ನನ್ನನ್ನೇ.

"ಭಾವ, ನಿನ್ನೆ ಎರಡು ಬೆರಳಿತ್ತು. ಇವತ್ತು ಬೆಳಿಗ್ಗೆ ಆರು," ಎಂದ ಮರುಳಸಿದ್ದ, ಏದುಸಿರು ಬಿಡುತ್ತ. "ಯಾರಿಗೂ ಹೇಳ್ಬೇಡ ಅಂತ ಓಬಳಮ್ಮನಿಗೆ ಹೇಳಿ ಬಂದಿದೀನಿ."

"ಊರಿಗೆಲ್ಲ ಕಾಣೋ ಮನೆ ಕಣೋ ಅದು. ಅದನ್ನ ಎಲ್ಲಿ ಮುಚ್ಚಿಡ್ತೀಯ?" ಎಂದು ಗದರಿಸಿ ಚಪ್ಪಲಿ ಮೆಟ್ಟಿದೆ.

ಗಾಳಿಮನೆಯ ನಾಲ್ಕು ಮೂಲೆಗೂ ಗಾರೆಯವರ ತೂಗುಗುಂಡು ಇಳಿಬಿಟ್ಟಿರುತ್ತೇವೆ. ಗುಂಡಿನ ತುದಿ ಕೆಳಗಿನ ತಾರಸಿಯ ಗುರುತಿಗೆ ತಾಗಿಯೂ ತಾಗದಂತಿರಬೇಕು. ಮನೆ ಇಳಿದರೆ ಗುಂಡು ನೆಲದ ಮೇಲೆ ಕೂರುತ್ತದೆ, ದಾರ ಸಡಿಲವಾಗುತ್ತದೆ. ಸಡಿಲವಾದ ದಾರವನ್ನು ಬೆರಳಲ್ಲಿ ಅಳೆದರೆ ಎಷ್ಟು ಇಳಿದಿದೆ ಎಂದು ಗೊತ್ತಾಗುತ್ತದೆ. ನಾನು ಹೋಗಿ ಅಳೆಯುವಷ್ಟರಲ್ಲಿ ಏಳು ಬೆರಳಾಗಿತ್ತು. ಇಪ್ಪತ್ನಾಲ್ಕು ಬೆರಳಿಗೆ ಒಂದು ಮೊಳ. ಮೊಳ ತುಂಬುವ ತನಕ ಮನೆ ಇಳಿಯುತ್ತದೆ, ತುಂಬಿದ ಮೇಲೆ ಬೀಳುತ್ತದೆ. ಅಕ್ಕಿ ಗಿರಣಿಯವರ ಉಗ್ರಾಣ ಹಾಗೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಬುದ್ಧಿವಂತಿಕೆ ಮಾಡಿ ಕೆಳಗಿನಿಂದ ಹನ್ನೆರಡು ತೊಲೆ ಆನಿಸಿದ್ದರು. ಕಂಬ ಸಿಕ್ಕ ಕೂಡಲೇ ಮನೆ ಮನುಷ್ಯರನ್ನು ಬಿಟ್ಟು ಕಂಬವನ್ನು ನಂಬುತ್ತದೆ. ಇಡೀ ಭಾರ ಒಮ್ಮೆಗೇ ಬಂದು ತೊಲೆಗಳು ಕಬ್ಬಿನ ಜಲ್ಲೆಯ ಹಾಗೆ ಮುರಿದುಬಿದ್ದವು. ಪುಣ್ಯಕ್ಕೆ ಆವತ್ತು ಒಳಗೆ ಅಕ್ಕಿ ಮಾತ್ರ ಇತ್ತು.

ಇಲ್ಲಿ ಒಳಗೆ ತಿಪ್ಪೇಶನಿದ್ದ. ಇಪ್ಪತ್ತು ದಿನದ ಹಿಂದೆ ತನ್ನ ಸೂರಿನ ಮೇಲಿನ ತೊಟ್ಟಿಯ ನಲ್ಲಿ ಸರಿಮಾಡಲು ಹತ್ತಿ, ಕಾಲು ಜಾರಿ ತನ್ನದೇ ಪಡಸಾಲೆಗೆ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಡಾಕ್ಟರು ಏಣಿ ಹತ್ತಿ ಬಂದು ಅವನನ್ನು ಹಲಗೆಗೆ ಕಟ್ಟಿ ಮಲಗಿಸಿ, ಎರಡು ತಿಂಗಳು ಇದ್ದಲ್ಲಿಂದ ಅಲುಗಾಡಿಸಬೇಡಿ, ಅಲುಗಾಡಿಸಿದರೆ ಕಾಲು ಹೋಗುತ್ತದೆ, ಜೀವಕ್ಕೂ ನಾನು ಹೊಣೆಯಲ್ಲ ಎಂದು ಹೇಳಿ ಹೋಗಿದ್ದರು. ಓಣಿಯಿಂದ ಆ ಮನೆಗೆ ಇರುವ ದಾರಿ ಮೂವತ್ತೆರಡು ಮೆಟ್ಟಿಲಿನ ನೆಟ್ಟನೆಯ ಏಣಿ. ಆದರೂ ಏಳು ಬೆರಳು ಅಳೆದ ಆ ದಿನ ನಾವು ನಾಲ್ಕು ಜನ ಸೇರಿ ಹಲಗೆಯನ್ನು ಬಾಗಿಲ ತನಕ ಜರುಗಿಸಿ ನೋಡಿದೆವು. ಹೊಸ್ತಿಲು ದಾಟುವ ಮೊದಲೇ ತಿಪ್ಪೇಶನ ತುಟಿ ನೀಲಿಗಟ್ಟಿ ಪ್ರಜ್ಞೆ ತಪ್ಪಿತು. ಮತ್ತೆ ಒಳಗೆ ತಂದೆವು.

"ಇಳಿಯೋದು ಗೊತ್ತಾಗ್ತದಣ್ಣ," ಎಂದ ತಿಪ್ಪೇಶ, ಪ್ರಜ್ಞೆ ಬಂದ ಮೇಲೆ. "ಉಯ್ಯಾಲೆ ಕೆಳಕ್ಕೆ ಬರೋವಾಗ ಹೊಟ್ಟೇಲಿ ಆಗುತ್ತಲ್ಲ, ಹಂಗೆ. ಇವಳಿಗೆ ಹೇಳಿಲ್ಲ."

ಅವಳಿಗೆ ಹೇಳಬೇಕಾಗಿರಲಿಲ್ಲ. ಓಬಳಮ್ಮ ನನ್ನನ್ನು ಬಾಗಿಲ ಹೊರಗೆ ಕರೆದುಕೊಂಡು ಬಂದು ಕೈ ಮುಗಿದಳು. "ಯಾರ ಮನಸ್ಸು ಮುರಿದೈತೆ ಅಂತ ತಿಳ್ಕೊಂಡು ಹೇಳಿ ಸಾಕು. ಹೋಗಿ ಕಾಲಿಗೆ ಬೀಳ್ತೀನಿ. ನಾವು ಏನು ತಪ್ಪು ಮಾಡಿದ್ವಿ ಅಂತಾನೂ ಕೇಳಲ್ಲ."

ಅಷ್ಟು ಹೊತ್ತಿಗೆ ನನ್ನ ಹೆಂಡತಿ ದಾಕ್ಷಾಯಣಿ ಅಂಬಲಿಯ ಡಬ್ಬಿ ಹಿಡಿದು ಏಣಿ ಹತ್ತಿ ಬಂದಳು. ತಿಪ್ಪೇಶ ಬಿದ್ದ ದಿನದಿಂದ ಎರಡು ಹೊತ್ತೂ ಅವನಿಗೆ ತಿನ್ನಿಸುತ್ತಿದ್ದವಳು ಅವಳು. "ಈ ಅಕ್ಕ ಒಬ್ರು ಇಲ್ದಿದ್ರೆ ನಾವು ಯಾವಾಗ್ಲೋ ಹೋಗಿರ್ತಿದ್ವಿ," ಎಂದಳು ಓಬಳಮ್ಮ. ದಾಕ್ಷಾಯಣಿ ಅವಳ ಮುಖ ನೋಡಲಿಲ್ಲ. ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಬಿಸಿಲಿಗೆ ಹತ್ತಿ ಬಂದು ಸುಸ್ತಾಗಿದ್ದಾಳೆ ಎಂದುಕೊಂಡೆ.

ವಾರಸುದಾರರು ಐದು ಜನ. ಮರುಳಸಿದ್ದ, ಮಾವನವರ ತಮ್ಮ ಗುರುಬಸಪ್ಪ, ಬೇರೆ ಊರಿನಲ್ಲಿರುವ ಅವರ ಇಬ್ಬರು ಗಂಡುಮಕ್ಕಳು, ಮತ್ತೆ ನನ್ನ ಹೆಂಡತಿ. ಗುರುಬಸಪ್ಪನವರ ಮಕ್ಕಳಿಗೆ ಫೋನು ಮಾಡಿದೆ. ಇಬ್ಬರೂ ತಮ್ಮ ಮಕ್ಕಳ ಮೇಲೆ ಆಣೆ ಇಟ್ಟರು. ಮರುಳಸಿದ್ದ ಗಾಳಿ ಮಾರಿದ ದುಡ್ಡಿನಲ್ಲಿ ತಾರಸಿಗೆ ಹೊಸ ಗಾರೆ ಹಾಕಿಸಿ ಸುಖವಾಗಿದ್ದ. ಹೆಂಡತಿಯದೇನು, ನನ್ನ ಮನೆಯೊಳಗಿನವಳು. ಉಳಿದದ್ದು ಗುರುಬಸಪ್ಪ. ಊರಲ್ಲಿ ಯಾರ ಮದುವೆಯಾದರೂ ಪಾಯಸದಲ್ಲಿ ಕಲ್ಲು ಹುಡುಕುವ ಮನುಷ್ಯ. ಅವರೇ ಎಂದು ನಿರ್ಧಾರ ಮಾಡಿಕೊಂಡೇ ಹೋದೆ. ಕೈಯಲ್ಲಿ ಅರ್ಧ ಕೇಜಿ ಮೈಸೂರುಪಾಕು ಇತ್ತು.

ಅವರು ಪೊಟ್ಟಣವನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. "ಏನಪ್ಪ, ನನ್ನ ಮೇಲೆ ಅನುಮಾನವಾ?"

"ಹಾಗಲ್ಲ ಚಿಕ್ಕಮಾವ. ಆ ಮನೆ ನೆರಳು ನಿಮ್ಮ ಮೆಣಸಿನಕಾಯಿ ಮೇಲೆ ಬೀಳ್ತದೆ ಅಂತ ಹೋದ ವರ್ಷ ನೀವು..."

"ಬೀಳ್ತದೆ. ಬೈತೀನಿ. ನಾಳೆನೂ ಬೈತೀನಿ. ಅದಕ್ಕೂ ಇದಕ್ಕೂ ಏನಯ್ಯ ಸಂಬಂಧ?" ಎಂದು ಎದ್ದು ಕೂತರು. "ನನ್ನನ್ನ ಹುಣಸೇಮರದ ಕೆಳಗೆ ಕೂರಿಸಿಕೊಂಡು ಮೂರು ಸಲ ಕೇಳ್ದೆ. ಮೂರನೇ ಸಲ ಕೇಳೋ ಹೊತ್ತಿಗೆ ಇಲ್ಲ ಅನ್ನೋಣ ಅಂತಾನೇ ಇದ್ದೆ. ಆಮೇಲೆ ತಿಪ್ಪೇಶನ ಹೆಂಡ್ತಿ ಇಟ್ಟಿಗೆ ಹೊರೋದು ನೋಡಿದ್ದೆನಲ್ಲ, ಹೂಂ ಅಂದೆ. ಕೊಟ್ಟಿದ್ದು ಕೊಟ್ಟೆ. ಎಲ್ಲರನ್ನೂ ಹಾಗೆ ಕೇಳಿದ್ದೀಯೋ ಇಲ್ವೋ, ಅದನ್ನ ಹೋಗಿ ನೋಡ್ಕೊ."

ನನಗೆ ಸಿಟ್ಟು ಬಂತು. ಮೂವತ್ತು ವರ್ಷದ ಅನುಭವದವನಿಗೆ ಮೆಣಸಿನಕಾಯಿ ಒಣಗಿಸುವವರಿಂದ ಪಾಠ. ಕಚೇರಿಗೆ ಬಂದು ಕಪಾಟಿನಿಂದ ಆ ವರ್ಷದ ಕೇಳಿಕೆ ಪುಸ್ತಕ ತೆಗೆದೆ. ಮರುಳಸಿದ್ದ: ಹೂಂ, ಹೂಂ, ಹೂಂ. ಮೂರಕ್ಕೂ ಬೇರೆ ಬೇರೆ ಗಳಿಗೆ ಬರೆದಿತ್ತು. ಗುರುಬಸಪ್ಪ: ಯೋಚಿಸಿ ಹೇಳುತ್ತೇನೆ, ಹೂಂ, ಬಹಳ ಹೊತ್ತಿನ ಮೇಲೆ ಹೂಂ. ಅವರ ಮಕ್ಕಳದೂ ಸರಿಯಾಗಿತ್ತು. ಐದನೆಯ ಸಾಲಿನಲ್ಲಿ ದಾಕ್ಷಾಯಣಿಯ ಹೆಸರಿನ ಮುಂದೆ ಮೂರು ಹೂಂಗಳೂ ಒಂದೇ ಶಾಯಿಯಲ್ಲಿ, ಒಂದೇ ಉಸಿರಿನಲ್ಲಿ, ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಗಳಿಗೆ ಇರಲಿಲ್ಲ. ಆ ಮೂರನ್ನೂ ಹೇಳಿದವನು ನಾನು.

ಎಲ್ಲವೂ ನೆನಪಾಯಿತು. ಗೌರಿಹಬ್ಬಕ್ಕೆ ಅವಳು ತವರಿಗೆ ಹೋಗಿದ್ದಳು. ಮರುಳಸಿದ್ದನ ಹೆಂಡತಿ ಬಾಗಿನ ಕೊಟ್ಟಳು, ಮರುಳಸಿದ್ದ ಸೀರೆ ಕೊಟ್ಟ. ತವರಿನ ಪಾಲು ಬಿಟ್ಟುಕೊಟ್ಟೆ ಎಂಬ ಹಕ್ಕು ಖುಲಾಸೆಗೆ ನಮ್ಮಲ್ಲಿ ಹೆಣ್ಣುಮಕ್ಕಳ ಸಹಿ ಹಾಕಿಸುವುದು ಆ ದಿನವೇ. ಸೀರೆ ಮಡಿಲಲ್ಲಿರುವಾಗ ಯಾರೂ ಇಲ್ಲ ಎನ್ನುವುದಿಲ್ಲ. ಬೇರೆಯವರ ಮನೆಯ ಹೆಣ್ಣುಮಕ್ಕಳನ್ನಾದರೆ ಹಬ್ಬ ಕಳೆದು ಎರಡು ದಿನ ಬಿಟ್ಟು ಕರೆಸಿ ಕೇಳುತ್ತಿದ್ದೆ, ಅದರಲ್ಲಿ ನಾನು ಬಹಳ ಖಡಕ್ಕು. ಇವಳ ಮುಂದೆ ಕಾಗದ ಇಟ್ಟು, ಇಲ್ಲೊಂದು ಸಹಿ ಹಾಕು, ಊಟಕ್ಕೆ ಹೊತ್ತಾಯಿತು ಎಂದಿದ್ದೆ. ಅರಿಸಿನದ ಕೈ ಒರೆಸಿಕೊಂಡು ಹಾಕಿದ್ದಳು. ಸ್ವಂತ ಹೆಂಡತಿಯನ್ನು ಯಾರಾದರೂ ಕೂರಿಸಿಕೊಂಡು ಮೂರು ಸಲ ಕೇಳುತ್ತಾರೆಯೇ?

ಕೇಳದೆ ತೆಗೆದುಕೊಂಡ ಗಾಳಿ ಸುಮ್ಮನೆ ಇರುತ್ತದೆ. ಅದು ತಮ್ಮದು ಎಂದು ವಾರಸುದಾರರಿಗೆ ನೆನಪಾಗುವವರೆಗೆ ಇರುತ್ತದೆ. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ವಿಷಯ. ಪುಸ್ತಕ ಮುಚ್ಚಿದೆ. ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸುಳ್ಳು ಹೇಳಲಾರೆ. ಲೈಸೆನ್ಸು ಹೋಗುತ್ತದಲ್ಲ ಎಂಬ ಭಯ ಬಂತು. ಆಮೇಲೆ ತಿಪ್ಪೇಶನ ನೀಲಿ ತುಟಿ ಕಣ್ಣಿಗೆ ಕಟ್ಟಿತು.

ಮಾರನೆಯ ದಿನ ಮಧ್ಯಾಹ್ನಕ್ಕೆ ದಾರ ಹದಿಮೂರು ಬೆರಳು ಸಡಿಲವಾಗಿತ್ತು. ಊಟಕ್ಕೆ ಕೂತಾಗ, ಏನೂ ಆಗದವನ ಹಾಗೆ ಕೇಳಿದೆ. "ನಿನ್ನ ತವರಿನ ಗಾಳಿ ವಿಷಯದಲ್ಲಿ ನಿನಗೇನೂ ಬೇಜಾರಿಲ್ಲ ತಾನೆ?"

ಸಾರು ಬಡಿಸುತ್ತಿದ್ದ ಕೈ ನಿಂತಿತು. "ಕೇಳ್ತಾ ಇದೀರಾ, ಹೇಳ್ತಾ ಇದೀರಾ?"

ನಾನು ಅನ್ನ ಕಲಸತೊಡಗಿದೆ. ಅವಳು ಸಾರಿನ ಪಾತ್ರೆ ಕೆಳಗಿಟ್ಟು ಗೋಡೆಗೆ ಒರಗಿ ಕೂತಳು. "ನನ್ನಿಂದಲೇ ಅಂತ ನಂಗೆ ಗೊತ್ತು. ನಾಲ್ಕು ದಿನದಿಂದ ಗೊತ್ತು," ಎಂದಳು. "ಚಿಕ್ಕೋಳಿದ್ದಾಗ ಆ ತಾರಸಿ ಮೇಲೆ ಒರಳು ಬೋರಲು ಹಾಕಿ ಅದರ ಮೇಲೆ ನಿಂತ್ಕೋತಿದ್ದೆ. ಗಿರಣಿ ಗೋಡೆ ಆಚೆ ಕೆರೆ ಇದೆ ಅಂತ ಎಲ್ಲರೂ ಅನ್ನೋರು. ನಂಗೆ ಕಾಣ್ತಿದ್ದದ್ದು ಏರಿ ಮೇಲೆ ಹೋಗೋ ಬಸ್ಸಿನ ತಲೆ ಮಾತ್ರ. ಇನ್ನೊಂದು ಆಳೆತ್ತರ ಮೇಲೆ ಹೋದ್ರೆ ಎಲ್ಲಾ ಕಾಣುತ್ತೆ, ದೊಡ್ಡೋಳಾದ ಮೇಲೆ ಇಲ್ಲೊಂದು ಕೋಣೆ ಕಟ್ಟಿಸ್ಕೋಬೇಕು ಅಂತ ಅಂದ್ಕೊಂಡಿದ್ದೆ. ಆಮೇಲೆ ಮದುವೆ ಆಯ್ತು, ಮರೆತೇಹೋಯ್ತು. ನಿಜವಾಗ್ಲೂ ಮರೆತಿದ್ದೆ. ತಿಪ್ಪೇಶನಿಗೆ ತಿನ್ನಿಸಿ ಕೈ ತೊಳೆಯೋಕೆ ಅವರ ಹಿಂದಿನ ಕಿಟಕಿ ಹತ್ರ ಹೋದೆ. ಕೆರೆ ಪೂರ್ತಿ ಕಾಣ್ತು. ನನ್ನ ಗಾಳೀಲಿ ಬೇರೆಯೋರ ಕಿಟಕಿ ಇದೆ ಅಂತ ಅನ್ನಿಸಿಬಿಡ್ತು. ಒಂದೇ ಒಂದು ಸಲ. ಮಾರನೇ ದಿನದಿಂದ ಇಳಿಯೋಕೆ ಶುರುವಾಯ್ತು."

"ನೀನು ಹೇಳಬಹುದಾಗಿತ್ತು."

"ಏನಂತ? ನಿಮ್ಮ ಗಂಡನನ್ನ ನಾನೇ ಬೀಳಿಸ್ತಾ ಇದೀನಿ ಅಂತ ಓಬಳಮ್ಮನಿಗೆ ಹೇಳಲಾ?" ಎಂದಳು. "ಬೇಡ ಬೇಡ ಅಂತ ಮನಸ್ಸಿಗೆ ಎಷ್ಟು ಹೇಳ್ದೆ. ಅದು ಕೇಳಲ್ಲ. ಸಹಿ ಮಾಡಿದವಳು ನಾನಲ್ವಾ ಅಂದ್ರೂ ಕೇಳಲ್ಲ."

ನನಗೆ ನಾಚಿಕೆಯಾಯಿತು. ಆದರೆ ನನ್ನ ಬುದ್ಧಿ ಎಂಥದ್ದು ನೋಡಿ, ನಾಚಿಕೆಯಾದ ಮೇಲೂ ಅಡ್ಡದಾರಿಯನ್ನೇ ಹುಡುಕಿತು. ಮರುದಿನ ಬೆಳಿಗ್ಗೆ ಅವಳನ್ನು ತಾರಸಿಗೆ ಕರೆದುಕೊಂಡು ಹೋದೆ. ಹದಿನೇಳು ಬೆರಳು. ಒಂದು ಸಲ ಜೋರಾಗಿ ಒಪ್ಪಿಗೆ ಇದೆ ಎಂದುಬಿಡು, ಆಮೇಲೆ ನೋಡೋಣ ಎಂದೆ. ಅವಳು ಕಣ್ಣು ಮುಚ್ಚಿ, ಕೈ ಮುಗಿದು, ದೇವರ ಮುಂದೆ ನಿಂತವರ ಹಾಗೆ, "ಒಪ್ಪಿಗೆ ಇದೆ" ಎಂದಳು. ಹೇಳುವಾಗ ಅವಳಿಗೆ ಅದು ನಿಜವಾಗಬೇಕೆಂಬ ಆಸೆ ಎಷ್ಟಿತ್ತೆಂದು ನಾನು ಬಲ್ಲೆ. ಮೇಲೆ ಏನೋ ಲಟಲಟ ಎಂದಿತು. ಮನೆ ಒಂದೇ ಏಟಿಗೆ ಮೂರು ಬೆರಳು ಕುಸಿಯಿತು. ಪಾತ್ರೆಗಳು ಉರುಳಿದ ಸದ್ದು, ಅದರ ಹಿಂದೆಯೇ ತಿಪ್ಪೇಶ ಕಿರುಚಿದ್ದು ಕೇಳಿಸಿತು. ಅವನು ಕಿರುಚಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮರುಳಸಿದ್ದ ಮೆಟ್ಟಿಲು ಹತ್ತಿ ಓಡಿಬಂದ. ನಡೆದದ್ದನ್ನು ಅವನಿಗೆ ಹೇಳಲೇಬೇಕಾಯಿತು. ಅವನು ಅಕ್ಕನ ಕಡೆ ತಿರುಗಿ, "ನೀನಾ ಅಕ್ಕ? ಸೀರೆ ಉಟ್ಕೊಂಡು ಹೋಗಿ ಈಗ ಹಿಂಗೆ ಮಾಡ್ತೀಯಾ? ತವರಿಗೆ ಕೆಟ್ಟ ಹೆಸರು ತರೋಕೆ ಬಂದ್ಯಾ?" ಎಂದ.

"ಸೀರೆ ಬೀರುವಿನಲ್ಲಿ ಹಾಗೇ ಇದೆ. ವಾಪಸ್ ಕೊಡ್ತೀನಿ," ಎಂದಳು ದಾಕ್ಷಾಯಣಿ. ಆಮೇಲೆ ನನ್ನ ಕಡೆ ನೋಡಿ, "ಕೇಳಿಕೆ ಮಾಡಿ. ಎಲ್ಲರಿಗೂ ಹೇಗೆ ಮಾಡ್ತೀರೋ ಹಾಗೆ," ಎಂದಳು.

ಮನೆ ಎದ್ದ ಮೇಲೆ, ಅದರಲ್ಲೂ ಒಳಗೆ ಜೀವ ಇರುವಾಗ, ಯಾರೂ ಕೇಳಿಕೆ ಮಾಡುವುದಿಲ್ಲ. ಕೇಳಿದರೆ ಇಲ್ಲ ಎನ್ನುವ ಹಕ್ಕು ಅವರಿಗೆ ಬರುತ್ತದೆ. ಒಳಗೊಳಗಿನ ಅಸಮಾಧಾನಕ್ಕೆ ಮನೆ ಇಳಿಯುತ್ತದೆ. ಬಾಯಿಬಿಟ್ಟು ಮೂರು ಸಲ ಇಲ್ಲ ಎಂದರೆ ಮೊಳ ತುಂಬುವ ತನಕವೂ ಕಾಯುವುದಿಲ್ಲ.

"ನೀನು ಏನು ಹೇಳ್ತೀಯ ಅಂತ ಮೊದಲೇ ಹೇಳು," ಎಂದೆ.

"ಗುರುಬಸಪ್ಪ ಚಿಕ್ಕಪ್ಪನನ್ನ ಹಾಗೆ ಮೊದಲೇ ಕೇಳಿದ್ರಾ?"

ಕೇಳಿರಲಿಲ್ಲ. ಮೇಲಿನ ಕಿಟಕಿಯಲ್ಲಿ ಓಬಳಮ್ಮನ ಮುಖ ಕಾಣಿಸಿತು. ಅವಳಿಗೆ ಎಲ್ಲವೂ ಕೇಳಿಸಿ ಅರ್ಥವಾಗಿತ್ತು. ಅವಳು ದಾಕ್ಷಾಯಣಿಯನ್ನು ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದೆ. ಅವಳು ಬರೀ ನೋಡುತ್ತ ನಿಂತಳು. ಕೆಳಗೆ ಇಳಿದು ಬಾ ಎಂದು ನಾನು ಕೈ ಮಾಡಿದರೆ ತಲೆ ಅಲ್ಲಾಡಿಸಿ ಗಂಡನ ಹತ್ತಿರ ಹೋಗಿ ಕೂತಳು.

ಮರುಳಸಿದ್ದನನ್ನು ಕೆಳಗೆ ಕಳಿಸಿದೆ. ಪುಸ್ತಕ ತರಿಸಿ, ತಾರಸಿಯ ಮೇಲೆ ಚಾಪೆ ಹಾಸಿ, ಎದುರು ಕೂರಿಸಿಕೊಂಡೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾನು ಅವಳನ್ನು ನೀವು ಎಂದವನಲ್ಲ. ನಾಲಗೆ ಹೊರಳಲಿಲ್ಲ. ಗಂಟಲು ಸರಿಮಾಡಿಕೊಂಡು ಕೇಳಿದೆ: "ನಿಮ್ಮ ಪಾಲಿನ ಗಾಳಿಯನ್ನು ಕೊಡುತ್ತೀರಾ?"

"ಇಲ್ಲ."

ಗುಂಡಿನ ಪಕ್ಕದಲ್ಲಿ ದಾರ ಇನ್ನೊಂದು ಸುತ್ತು ಬಿದ್ದದ್ದು ಕಣ್ಣಿಗೇ ಕಂಡಿತು. ಇಪ್ಪತ್ತೊಂದು. ಪುಸ್ತಕದಲ್ಲಿ ಗಳಿಗೆ ಬರೆದು ಇಲ್ಲ ಎಂದು ಬರೆದೆ. ನಿಯಮದ ಪ್ರಕಾರ ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು ಎರಡನೆಯ ಸಲ ಕೇಳಿದೆ. ಕಣ್ಣಲ್ಲೇ ಬೇಡಿಕೊಂಡೆ. ಅವಳು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ, ಮೇಲಿನ ಕಿಟಕಿಯನ್ನು ನೋಡುತ್ತಿದ್ದಳು.

"ಇಲ್ಲ. ಅದು ನಂದು."

ಇಪ್ಪತ್ತೆರಡು. ಮೇಲಿನಿಂದ ಸುಣ್ಣದ ಪುಡಿ ಉದುರಿ ಪುಸ್ತಕದ ಮೇಲೆ ಬಿತ್ತು. ನಾನು ಪೆನ್ನು ಕೆಳಗಿಟ್ಟೆ. ಇನ್ನು ನನ್ನ ಕೈಲಾಗುವುದಿಲ್ಲ, ಮೂರನೆಯದನ್ನು ಕೇಳುವುದಿಲ್ಲ, ಮನೆ ತಾನಾಗಿ ಬೀಳುವುದಾದರೆ ಬೀಳಲಿ, ನನ್ನ ಬಾಯಿಂದ ಬೇಡ ಎಂದುಕೊಂಡೆ. ಹೆದರಿದ ಮನುಷ್ಯನಿಗೆ ಎಂಥೆಂಥ ನ್ಯಾಯ ಹೊಳೆಯುತ್ತದೆ.

"ಕೇಳಿ ಅಣ್ಣ," ಎಂದಿತು ಮೇಲಿನಿಂದ ಓಬಳಮ್ಮನ ದನಿ. ಅವಳು ಅಳುತ್ತಿರಲಿಲ್ಲ. "ಎರಡಕ್ಕೇ ನಿಲ್ಲಿಸಬೇಡಿ. ನನ್ನನ್ನ ಯಾರಾದ್ರೂ ಹಿಂಗೆ ಕೂರಿಸ್ಕೊಂಡು ಕೇಳಿದ್ರೆ ನಾನೂ ಮೊದ್ಲು ಇಲ್ಲ ಅಂತಲೇ ಅಂತಿದ್ದೆ. ಕೇಳಿ."

ದಾಕ್ಷಾಯಣಿಯ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ನಾನು ಮೂರನೆಯ ಸಲ ಕೇಳಿದೆ. ಅವಳು ಮತ್ತೆ ಮೇಲಿನ ಕಿಟಕಿಯನ್ನು ನೋಡಿದಳು. ಓಣಿಯಲ್ಲಿ ಜನ ಸೇರಿದ್ದರು, ಒಬ್ಬರೂ ಕೆಮ್ಮಲಿಲ್ಲ.

"ನಂದು ಅದು," ಎಂದಳು ಕೊನೆಗೆ. "ತಿಪ್ಪೇಶ ಎದ್ದು ತನ್ನ ಕಾಲ ಮೇಲೆ ಇಳಿದು ಹೋಗೋವರೆಗೆ ಕೊಡ್ತೀನಿ. ಅಲ್ಲೀವರೆಗೆ ಪೂರ್ತಿ ಮನಸ್ಸಿಂದ ಕೊಡ್ತೀನಿ. ಆಮೇಲೆ ಇಲ್ಲ. ಹಾಗೇ ಬರ್ಕೊಳ್ಳಿ, ಒಂದಕ್ಷರ ಬದಲಾಯಿಸ್ಬೇಡಿ."

ದಾರ ಅಲುಗಲಿಲ್ಲ. ನಾಲ್ಕು ಮೂಲೆಗೂ ಓಡಿ ನೋಡಿದೆ. ಎಲ್ಲಿಯೂ ಅಲುಗಲಿಲ್ಲ. ಮನೆ ಮೇಲಕ್ಕೂ ಏರಲಿಲ್ಲ, ಇಪ್ಪತ್ತೆರಡು ಬೆರಳಿಗೆ ನಿಂತಿತು. ನಾನು ಚಾಪೆಯ ಮೇಲೆ ಕೂತು ಮಗುವಿನ ಹಾಗೆ ಅತ್ತೆ. ಮೊದಲ ಎರಡು ಸಲ ಯಾಕೆ ಹಾಗಂದೆ, ಎಲ್ಲರ ಜೀವ ಬಾಯಿಗೆ ಬಂದಿತ್ತು ಎಂದು ಮನೆಗೆ ಬರುವಾಗ ಕೇಳಿದ್ದಕ್ಕೆ ಅವಳು, "ಎರಡು ಸಲ ಅಂದದ್ದು ನಿಜ. ಮೂರನೇದೂ ನಿಜ," ಎಂದಳು, ಅಷ್ಟೇ.

ಎರಡು ಬೆರಳಿನ ಭಯದಲ್ಲಿ ನಲವತ್ತು ದಿನ ಕಳೆದವು. ಓಬಳಮ್ಮ ಖಾರ ಕುಟ್ಟಲಿಲ್ಲ, ಬಾಗಿಲು ಬಡಿಯಲಿಲ್ಲ, ಬಿಂದಿಗೆಯನ್ನು ಬಟ್ಟೆಯ ಸಿಂಬಿಯ ಮೇಲೆ ಇಟ್ಟಳು. ದಾಕ್ಷಾಯಣಿ ಅಂಬಲಿ ಒಯ್ಯುವುದನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಊರವರು ಅವಳಿಗೆ ಏನೇನೋ ಹೆಸರಿಟ್ಟರು. ನಾನು ಪುಸ್ತಕ ತೆಗೆದುಕೊಂಡು ಹೋಗಿ ಕಚೇರಿಯಲ್ಲಿ ತಪ್ಪೊಪ್ಪಿಕೊಂಡೆ, ಒಂದು ವರ್ಷ ಪತ್ರ ಬರೆಯಕೂಡದು ಎಂದರು. ನಲವತ್ತನೆಯ ದಿನ ತಿಪ್ಪೇಶ ಎರಡು ಕಡೆ ಹೆಗಲು ಹಿಡಿದುಕೊಂಡು ಮೂವತ್ತೆರಡು ಮೆಟ್ಟಿಲು ಇಳಿದ. ಅವನು ಓಣಿಯ ನೆಲ ಮುಟ್ಟಿದ ಮೇಲೆ ಆಳುಗಳು ಇಟ್ಟಿಗೆ ಇಟ್ಟಿಗೆಯಾಗಿ ಮನೆ ಬಿಚ್ಚತೊಡಗಿದರು. ಕೊನೆಯ ಸಾಲು ಬಿಚ್ಚುವ ತನಕ ಅದು ಬೀಳಲಿಲ್ಲ, ಅಷ್ಟು ಹೊತ್ತು ದಾಕ್ಷಾಯಣಿ ಊಟ ಬಿಟ್ಟು ಅಲ್ಲೇ ನಿಂತಿದ್ದಳು. ಈಗ ತಿಪ್ಪೇಶನ ಮನೆ ನನ್ನ ಮನೆಯ ಮೇಲಿದೆ. ಆ ಗಾಳಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಕೇಳಿಕೆ ಮಾಡಲು ಬೇರೊಬ್ಬ ಬರಹಗಾರನನ್ನು ಕರೆಸಿದೆ. ದಾಕ್ಷಾಯಣಿ ಮೊದಲ ಸಲಕ್ಕೇ ಹೂಂ ಎಂದಳಂತೆ. ಮೂರನೆಯದಕ್ಕೆ, ಎಷ್ಟು ಸಲ ಕೇಳ್ತೀರಪ್ಪ ಎಂದಳಂತೆ.

ತವರಿನ ಮೇಲಿನ ತನ್ನ ಗಾಳಿಯಲ್ಲಿ ಅವಳು ಕೋಣೆ ಕಟ್ಟಿಸಲಿಲ್ಲ. ಒಂದು ನೂಲಿನ ಮಂಚ ಹಾಕಿಸಿಕೊಂಡಿದ್ದಾಳೆ, ಅಷ್ಟೇ. ಅದಕ್ಕೂ ಉಳಿದ ನಾಲ್ವರ ಒಪ್ಪಿಗೆ ಬೇಕಾಯಿತು. ಮರುಳಸಿದ್ದ ಎರಡು ಸಲ ಇಲ್ಲ ಎಂದು ಮೂರನೆಯ ಸಲ ಒಪ್ಪಿದ. ಮಧ್ಯಾಹ್ನ ಮನೆಗೆಲಸ ಮುಗಿಸಿ ಏಣಿ ಹತ್ತಿ ಹೋಗಿ, ತಾರಸಿಯ ಮೇಲೆ ಎಂಟು ಮೊಳ ಎತ್ತರದಲ್ಲಿ, ಸುತ್ತ ಗೋಡೆಯಿಲ್ಲದೆ ನಿಂತಿರುವ ಆ ಮಂಚದ ಮೇಲೆ ಕಾಲು ಚಾಚಿ ಕೂರುತ್ತಾಳೆ. ಮೊದಮೊದಲು ಓಣಿಯ ಜನ ನಿಂತು ನೋಡುತ್ತಿದ್ದರು, ಈಗ ನೋಡುವುದಿಲ್ಲ. ಗುರುಬಸಪ್ಪನವರು ಮಂಚದ ನೆರಳಿಗೂ ಬೈಯುತ್ತಾರೆ.

ಒಂದು ದಿನ ನಾನು ಏಣಿ ಹತ್ತಿ, ಗಂಡನಲ್ಲವೇ ಎಂದು ಮಂಚದ ಮೇಲೆ ಕಾಲಿಟ್ಟುಬಿಟ್ಟೆ. ಮಂಚದ ನನ್ನ ಕಡೆಯ ಎರಡೂ ಕಾಲುಗಳು ಒಂದು ಮೊಳದಷ್ಟು ಕುಸಿದವು, ಏಣಿಯ ಹಿಡಿ ಸಿಕ್ಕಿದ್ದಕ್ಕೆ ಬದುಕಿದೆ. ಅವಳು ಗಾಬರಿಯಾಗಿ ಬೈದಳು, ಆಮೇಲೆ ನಕ್ಕಳು. ಅಂದಿನಿಂದ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಬರಲಾ ಎಂದು ಕೇಳುತ್ತೇನೆ. ಎಷ್ಟೋ ದಿನ ಬೇಡ ಎನ್ನುತ್ತಾಳೆ. ಮೂವತ್ತೆರಡು ಮೆಟ್ಟಿಲು ಹತ್ತಿ ಬಂದವನಿಗೆ ಆ ಮಾತು ಕೇಳಿ ಸಂಕಟವಾಗುತ್ತದೆ, ಇಳಿದು ಬರುತ್ತೇನೆ. ಮೊನ್ನೆ ಸೋಮವಾರ ಬನ್ನಿ ಎಂದಳು. ಹೋಗಿ ಮಂಚದ ತುದಿಯಲ್ಲಿ ಕೂತೆ. ಗಿರಣಿಯ ಗೋಡೆಯಾಚೆ ಕೆರೆಯಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ. ಒಂದಷ್ಟು ಎಮ್ಮೆಗಳು ನೀರಿನಲ್ಲಿ ಬಿದ್ದುಕೊಂಡಿದ್ದವು, ಏರಿಯ ಮೇಲೆ ಒಂದು ಬಸ್ಸು ಹೋಯಿತು. ಏನು ನೋಡ್ತೀಯ ಇಲ್ಲಿ ದಿನಾ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಕೆರೆಯ ಕಡೆಯಿಂದ ಕಣ್ಣು ತೆಗೆಯದೆಯೇ, "ಇನ್ನು ಸಾಕು, ಇಳೀರಿ," ಎಂದಳು. ನಾನು ಇಳಿದು ಬಂದೆ.